ಶೀತ

ಪೆಟ್ರೋಲು ಆಗೋಯ್ತೇನವ್ವ ಅಂತ ಕೇಳಿದಳಂತೆ
ಕುಡುಗೋಲು ಕಂಕುಳಿಗಿಟ್ಟು ಓಡಿಬಂದ ಕೆಂಪಾಜಮ್ಮ.
ಆಗಿರಲಿಲ್ಲ. ಆಮೇಲೆ ನಾನೇ ಕಡ್ಡಿ ಅದ್ದಿ ನೋಡಿದೆ,
ಎರಡು ರೆಕ್ಕೆಯಲ್ಲೂ ಅರ್ಧಕ್ಕಿಂತ ಮೇಲಿತ್ತು.

ಮಂಡಕಳ್ಳಿಯಿಂದ ಜೀಪಿನಲ್ಲಿ ಪಾಲಹಳ್ಳಿ ದಾಟುವಾಗ
ಬಿಸಿಲು ಬಲಿತು ನಾಲೆಯ ಮೇಲಿನ ಕಾವಳ ಹರಿದಿತ್ತು.
ಕೊಯ್ದ ಗದ್ದೆಯ ಕೂಳೆಯಲ್ಲಿ ಮೂರು ಗಾಲಿಯ ಗೀರು,
ಬದುವಿಗೆ ಮೊಳ ದೂರದಲ್ಲಿ ಸೆಸ್ನಾ
ದಾರಿ ತಪ್ಪಿ ಬಂದ ಕರುವಿನ ಹಾಗೆ ನಿಂತಿತ್ತು.
ರೆಕ್ಕೆಯ ನೆರಳಲ್ಲಿ ಯಶೋಮತಿ. ಹತ್ತೊಂಬತ್ತು ವಯಸ್ಸು.
ಕೈಯಲ್ಲಿ ಯಾರೋ ಕೊಟ್ಟ ಕಾಫಿ,
ಕೆನೆ ಕಟ್ಟಿತ್ತು, ಕುಡಿದಿರಲಿಲ್ಲ.

ಕಾರ್ಬುರೇಟರ್ ಬಿಚ್ಚಿದೆ.
ಹಬ್ಬಕ್ಕೆ ಬೆಳಗಿಟ್ಟ ತಂಬಿಗೆಯಷ್ಟು ಚೊಕ್ಕಟ, ಒಣ.
ಪ್ಲಗ್ಗು ಸರಿ. ಕಿಡಿ ಸರಿ.
ಮತ್ತೆ ಜೋಡಿಸಿ ಕೀಲಿ ತಿರುಗಿಸಿದರೆ
ಮೊದಲ ಸಲಕ್ಕೇ ಎದ್ದು ಗುರ್ರೆಂದಿತು,
ಏನೂ ನಡೆದೇ ಇಲ್ಲವೆಂಬಂತೆ.

ಐಸು ಅಂದರೆ ನಮಗೆ
ಮೀನಿನ ಪೆಟ್ಟಿಗೆ, ಕಬ್ಬಿನ ಹಾಲಿನ ಲೋಟ.
ಹದಿನೆಂಟು ಡಿಗ್ರಿಯ ಬೆಳಿಗ್ಗೆ ಆಕಾಶದಲ್ಲಿ
ಎಲ್ಲಿಂದ ಬರಬೇಕು ಅನ್ನುತ್ತೀರಿ.
ಗಾಂಧಿನಗರದಲ್ಲಿ ಹದಿಮೂರಕ್ಕೇ ಲೂನಾ ಬಿಚ್ಚಿದ ನನಗೆ ಗೊತ್ತು:
ಅಂಗೈಗೆ ಪೆಟ್ರೋಲು ಸುರಿದುಕೊಳ್ಳಿ,
ಆರುತ್ತ ಆರುತ್ತ ಅದು ಚರ್ಮದ ಬಿಸಿ ಕದಿಯುತ್ತದೆ.
ಆ ಇರುಕು ಗಂಟಲಲ್ಲಿ ಅದೇ ಕಳ್ಳತನ.
ಕನ್ನಂಬಾಡಿ ನೀರಿನ ಮೇಲೆ ಹಾರಿ ಎಳೆದುಕೊಂಡ ತೇವ
ಗೋಡೆಗೆ ಅಂಟಿ, ಬಿಳುಪಾಗಿ, ಗಡ್ಡೆಕಟ್ಟಿ,
ಕುದಿಯುವ ಎಂಜಿನ್ನಿನಿಂದ ಗೇಣು ದೂರದಲ್ಲಿ
ಉಸಿರಿನ ದಾರಿ ಮುಚ್ಚುತ್ತದೆ.

ಅದಕ್ಕೊಂದು ಗುಂಡಿಯಿದೆ. ಎಳೆದರೆ ಬಿಸಿಗಾಳಿ.

ಎಳೆದೆ ಅಂಕಲ್, ಅಂದಳು.
ಎಳೆದ ಕೂಡಲೇ ಇನ್ನೂ ಕೆಟ್ಟದಾಗಿ ನಡುಗಿತು.
ತಪ್ಪು ಮಾಡಿದೆ ಅನ್ನಿಸಿ ಒತ್ತಿಬಿಟ್ಟೆ.

ನಡುಗಲೇಬೇಕು ಮಗಳೇ.
ಕರಗಿದ್ದನ್ನು ನುಂಗುವಾಗ ಕೆಮ್ಮು ಬರುತ್ತದೆ,
ಮದ್ದು ಮೊದಲು ರೋಗದ ದನಿಯಲ್ಲೇ ಮಾತಾಡುತ್ತದೆ.
ಹತ್ತು ಎಣಿಸುವಷ್ಟು ತಡೆದಿದ್ದರೆ...
ಬಾಯಿಗೆ ಬಂದದ್ದನ್ನು ನುಂಗಿದೆ.
ಎಂಟುನೂರು ಅಡಿ ಮೇಲೆ ಹತ್ತು ಎಷ್ಟು ಉದ್ದವೆಂದು
ನೆಲದಲ್ಲಿ ಸ್ಪ್ಯಾನರು ಹಿಡಿದವನು ಹೇಳಬಾರದು.

ಆಮೇಲೆ ಸದ್ದೇ ಇಲ್ಲ, ಅಂದಳು.
ಕೆಳಗೆ ಯಾರೋ ಎಮ್ಮೆ ಕರೆಯುವುದು ಕೇಳಿಸಿತು.

ಏನಾಗಿತ್ತಪ್ಪ ಅದ್ಕೆ? ಕೆಂಪಾಜಮ್ಮ ಕೇಳಿದಳು.
ಶೀತ, ಅಂದೆ.
ಮತ್ತೆ? ಈ ಕಾವಳ್ದಾಗೆ ತಲೆಗೆ ಬಟ್ಟೆ ಕಟ್ಟದೆ ಬಂದ್ರೆ!
ಆ ದಿನ ನನ್ನ ಮಾತು ಒಂದೇ ಸಲಕ್ಕೆ ಅರ್ಥವಾದದ್ದು ಅವಳಿಗೆ.

ಬುಧವಾರ ಬೆಂಗಳೂರಿನ ಸಾಹೇಬರು ಬಂದರು.
ಗೀರು ಅಳೆದರು, ಪೆಟ್ರೋಲು ಸೀಸೆಗೆ ತುಂಬಿ ಅರಗು ಹಚ್ಚಿದರು.
ಗುಂಡಿ ಎಳೆದಿದ್ದಿರಾ?
ಅವಳು ನನ್ನ ಕಡೆ ನೋಡಿ, ಎಳೆದಿದ್ದೆ, ಅಂದಳು.
ನಾನು ಕೈಯ ಗ್ರೀಸು ಒರೆಸುತ್ತಿದ್ದೆ.
ನನ್ನ ಹೆಸರು ಅಂತೋಣಪ್ಪ. ಕಳೆದದ್ದನ್ನು ಹುಡುಕಿಕೊಡುವ
ಡೋರನಹಳ್ಳಿಯ ಸಂತನಿಗೆ ಹರಕೆ ಹೊತ್ತು ಅವ್ವ ಇಟ್ಟದ್ದು.
ನೀರಾಗಿ, ಆವಿಯಾಗಿ, ತಿರುಗಿ ಅಣೆಕಟ್ಟೆಗೆ ಸೇರಿದ್ದನ್ನು
ಅವನಾದರೂ ಎಲ್ಲಿಂದ ತಂದಾನು.
ವರದಿಯಲ್ಲಿ ಕಾರಣದ ಮುಂದೆ 'ಬಹುಶಃ' ಅಂತಿತ್ತು.

ಮಾಗಿ ಕಳೆಯುವ ಮುಂಚೆ ಅವಳು ಮತ್ತೆ ಹಾರಿದಳು.
ಹ್ಯಾಂಗರಿನ ಬಾಗಿಲಲ್ಲಿ ನಾನು ಬನ್ನು ತಿನ್ನುತ್ತಿದ್ದೆ.
ಮಬ್ಬಿನೊಳಗೆ ಎಲ್ಲೋ ಇಳಿಯುತ್ತಿದ್ದ ಸದ್ದು
ಇದ್ದಕ್ಕಿದ್ದ ಹಾಗೆ ಮುಗ್ಗರಿಸಿ
ಕೆಮ್ಮಿತು.
ಬನ್ನು ಬಾಯಲ್ಲೇ ಉಳಿಯಿತು.
ಒಂದು, ಎರಡು,
ಮೂರಕ್ಕೆ ಇನ್ನೂ ಜೋರಾಗಿ ಕೆಮ್ಮಿತು,
ನಾಲ್ಕು, ಬಿಡಬೇಡ, ಐದು, ಬಿಡಬೇಡ ಮಗಳೇ,
ಆರು,

ಏಳಕ್ಕೆ ಗಂಟಲು ತಿಳಿಯಾಯಿತು.