ಫರಸಿ

ಶಹಾಬಾದದ ಖಣಿಯೊಳಗ
ಫರಸಿ ಬಿದ್ದದ್ದು ಒಂದ ಸಲ.
ಮಶಾಕನ ಕೈ ಜಾರಿತ್ತು. ಹೆಬ್ಬೆರಳು ಹೋಯ್ತು.

ಆಮ್ಯಾಲ ದಿನಾ ರಾತ್ರಿ
ಅದೇ ಕಲ್ಲು ನಾನೇ ಎತ್ತಿ
ಅದೇ ಕಾಲಿನ ಮ್ಯಾಲ ಬಿಟ್ಕೊಂಡೆ,
ಮಶಾಕನ ಹೆಸರು ಹಿಡಿದು.

ಬಿಳಿ ಸೀರಿ ಉಟ್ಟು ವಿಹಾರದಿಂದ ಬಂದ
ತಾರಾಬಾಯಿ ಕಾಕಿ ಪಟ್ಟಿ ಬಿಚ್ಚಿ ನೋಡಿದಳು:
"ಗಾಯ ಒಣಗ್ಯಾದಲ್ಲೋ. ಇನ್ನಾ ಎಲ್ಲಿ ನೋಯ್ಲತ್ತದ?"
ತೋರ್ಸಲಾಕ ಬೆರಳೇ ಇರ್ಲಿಲ್ಲ.

ಇವತ್ತ ಬಾಗಿಲಿಗಿ ಮಶಾಕ ಬಂದ
ಜೋಳದ ಚೀಲ ಹೊತ್ತು. ಒಳಗ ಬರಲಾರದ ನಿಂತ.
ಬೈಗುಳ ಬಾಯಿ ತನಕ ಬಂತು,
ಅಂಚಿಗೆ ಬಂದ ಕಲ್ಲಿನಂಗ.
ಒಂದ ಉಸಿರು
ತಡದೆ.

ನೋವ ಅದ. ಈಗೂ ಅದ.
"ಚಾ ಕುಡೀತಿ?" ಅಂದೆ.
ಚೀಲ ಇಳಿಸೋವಾಗ ಅವನ ಕೈ ನಡುಗಲತ್ತಿದ್ವು.
"ಮೆಲ್ಲಗ," ಅಂದೆ, "ಮೆಲ್ಲಗ ಇಡು."