ಮುಂದಿನ ಎರಡು ಡಬ್ಬಿ

ಮೈಕಿನಲ್ಲಿ ಹೇಳಿದ್ದರಂತೆ. ವೆಲ್ಶ್ ಭಾಷೆಯಲ್ಲೊಮ್ಮೆ,
ಇಂಗ್ಲಿಷಿನಲ್ಲೊಮ್ಮೆ. ನಾವು ನಾಲ್ವರೂ ಆ ಹೊತ್ತಿಗೆ
ಶೇಂಗಾ ಚಟ್ನಿ ಡಬ್ಬಿಯ ಮುಚ್ಚಳದ ಜತೆ ಕುಸ್ತಿಯಲ್ಲಿದ್ದೆವು.

ಮುಂದಿನ ಎರಡು ಡಬ್ಬಿ ಅಬೆರಿಸ್ಟ್‌ವಿತ್‌ಗೆ,
ಹಿಂದಿನೆರಡು ಬಡಗಣಕ್ಕೆ.
ನನಗೆ ಗೊತ್ತಿದ್ದ ಗಾಡಿ ಅಂದರೆ ಇಡೀ ಗಾಡಿ.
ತಲೆ ಒಂದೂರಿಗೆ ಬಾಲ ಒಂದೂರಿಗೆ ಹರಿಯುವ ಹಾವನ್ನು
ಅರವತ್ತಮೂರು ವರ್ಷ ಕಂಡಿರಲಿಲ್ಲ.

ಸೂಚನೆಗಳೇನೋ ಇದ್ದವು.
ಲಂಡನ್ನಿನ ಬಸ್ಸು ನಮ್ಮ ಚಿಲ್ಲರೆ ಮುಟ್ಟದೆ ಹೋಗಿತ್ತು.
ಎಸ್ತರಳ ಸೂಟ್‌ಕೇಸು ಎಸ್ಕಲೇಟರಿನಲ್ಲಿ
ಅವಳನ್ನು ಬಿಟ್ಟು ತಾನೇ ಇಳಿದುಹೋಗಿತ್ತು.
ಶ್ರೂಸ್‌ಬರಿಯಲ್ಲಿ ಗಾಡಿ ಬಂದ ದಿಕ್ಕಿಗೇ ಹೊರಟಾಗ
ಮಹಾನಂದಾ ಎದ್ದು ನಿಂತು ಕೂಗಿದ್ದಳು:
"ಏ, ಇದು ಹೊಳ್ಳಿ ಮನಿಗೆ ಹೊಂಟದಲ್ಲ!"
ನಾಯಿ ಜತೆ ಕೂತಿದ್ದ ಮುದುಕ ಏನೋ ಸಮಾಧಾನ ಹೇಳಿದ.
ನಾಯಿಗೆ ಅರ್ಥವಾಗಿತ್ತು, ನಮಗಿಲ್ಲ.

ನಮ್ಮ ಡಬ್ಬಿಯ ಸಂಡಾಸು ಕೆಟ್ಟಿತ್ತು.
ಮೆಹರು ಮುಂದಕ್ಕೆ ಹೋದಳು, ಜೋಡಿಗೆ ಮಹಾನಂದಾ.
ನರ್ಸಿಂಗ್ ಹಾಸ್ಟೆಲಿನ ಹನ್ನೊಂದನೇ ಕೋಣೆಯಿಂದಲೂ
ಹಾಗೇ, ಒಬ್ಬಳಿಗೆ ಕತ್ತಲೆಯ ಭಯ,
ಇನ್ನೊಬ್ಬಳಿಗೆ ಮಾತು ನಿಂತೀತೆಂಬ ಭಯ.
ಹೆಸರು ಹೇಳಲು ಗಂಟಲು ಕೆರೆದುಕೊಳ್ಳಬೇಕಾದ
ಒಂದು ಸ್ಟೇಷನ್ನಿನಲ್ಲಿ ಸಣ್ಣಗೆ ಜೋಲಿ ಹೊಡೆಯಿತು ಗಾಡಿ.
ಕಿಟಕಿಯಲ್ಲಿ ಅವರಿಬ್ಬರು ನಿಧಾನ ಜಾರಿ ಹೋದರು.
ಕೈ ಬೀಸುತ್ತಿದ್ದರು. ನಾನೂ ಬೀಸಿದೆ.
ಆಮೇಲೆ ತಿಳಿಯಿತು.

ಎಲ್ಲರ ಟಿಕೆಟ್ಟು ನನ್ನ ಬ್ಯಾಗಿನಲ್ಲಿ.
ಯಾವಾಗಲೂ ನನ್ನ ಬ್ಯಾಗಿನಲ್ಲೇ.
ಸೀಟು ಆರಿಸಿದ್ದೂ ನಾನೇ.

ಗಾರ್ಡ್ ನಮ್ಮನ್ನು ಡವಿ ಜಂಕ್ಷನ್ನಿನಲ್ಲಿ ಇಳಿಸಿದ.
ಜಂಕ್ಷನ್ ಅಂದರೆ ಚಹಾ, ಕೂಲಿ, ಗದ್ದಲ ಅಂದುಕೊಂಡಿದ್ದೆ.
ಜವುಗು ನೆಲ, ಜೊಂಡು, ಒಂದು ಬೆಂಚು.
ಊರಿಲ್ಲ, ರಸ್ತೆಯಿಲ್ಲ,
ಹಳಿ ಮಾತ್ರ ಇಬ್ಬರು ಅಣ್ಣತಮ್ಮಂದಿರ ಹಾಗೆ
ಮುಖ ತಿರುಗಿಸಿ ಹೋಗಿದ್ದವು.
ಎಸ್ತರ್ ಮೊಣಕಾಲಿಗೆ ಮುಲಾಮು ಸವರಿಕೊಂಡು
ಬ್ಯಾಗಿಗೆ ತಲೆಯಿಟ್ಟು ಗೊರಕೆ ಹೊಡೆದಳು.
ನಾನು ಕೂತೆ.

ತೊಂಬತ್ತನಾಲ್ಕರಲ್ಲಿ ವಾರ್ಡಿನ ಡ್ಯೂಟಿ ಪಟ್ಟಿ ನನ್ನದು.
ರಾತ್ರಿ ಎಂಟಕ್ಕೆ ಮೆಹರು ರಜೆ ಕೇಳಿದಳು,
ಸವಣೂರಿನಲ್ಲಿ ಅಬ್ಬಾಗೆ ಹುಷಾರಿಲ್ಲ, ಕೊನೇ ಬಸ್ಸು ಒಂಬತ್ತಕ್ಕೆ.
ಅರ್ಜಿಯ ಮೇಲೆ ಬರೆದೆ: ಬದಲಿ ಇಲ್ಲ.
ಇರಲಿಲ್ಲ, ನಿಜ.
ನಾನಿದ್ದೆ. ಅದು ಹೊಳೆದದ್ದು ಬೆಳಿಗ್ಗೆ,
ಅವಳು ಮೊದಲ ಬಸ್ಸು ಹತ್ತಿದ ಮೇಲೆ.
ಅವಳು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು.
ಮರಳಿ ಬಂದವಳು ನನ್ನ ಟೇಬಲ್ಲಿನ ಮೇಲೆ
ಒಂದು ಪೊಟ್ಟಣ ಖರ್ಜೂರ ಇಟ್ಟಳು.
ಆ ಮಾತು ಆಡಲಿಲ್ಲ. ಇವತ್ತಿನವರೆಗೂ.

ಎರಡು ತಾಸಿಗೆ ಪಡುವಣದಿಂದ ಗಾಡಿ ಬಂತು.
ಅಲ್ಲೇ ಕೂತಿರಿ, ನಾವೇ ಬರುತ್ತೇವೆ ಅಂತ
ಗಾರ್ಡಿನ ಬಾಯಲ್ಲಿ ಹೇಳಿ ಕಳಿಸಿದ್ದೆ.
ಕೇಳಲಿಲ್ಲ. ಇಳಿದರು ಇಬ್ಬರೂ,
ವಿನಿಗರ್ ವಾಸನೆಯ ಕಾಗದದಲ್ಲಿ ಬಿಸಿ ಆಲೂ ಹಿಡಿದು.

"ಸಮುದ್ರ ನೋಡಿದ್ರ?"
"ವಾಸನಿ ಬಂತು," ಅಂದಳು ಮಹಾನಂದಾ.
"ಇಕಿ ಸ್ಟೇಷನ್ ದಾಟಗೊಡಲಿಲ್ಲ.
ನಾಲ್ಕೂ ಮಂದಿ ಕೂಡೇ ನೋಡೋಣಂದ್ಲು."

ಗಾಳಿ ಜೋರಿತ್ತು. ನಾನು ಶುರು ಮಾಡಿದೆ:
"ಮೆಹರು, ಆವತ್ತು ರಾತ್ರಿ ನಾನು..."
ಅವಳು ಒಂದು ತುಂಡು ಆಲೂ ನನ್ನ ಬಾಯಿಗೆ ತುರುಕಿದಳು.
"ಆರತದ, ತಿನ್ನು. ಮುಂದಿನ ಗಾಡಿ ಎಷ್ಟಕ್ಕದ?"
ಅವಳ ಕಣ್ಣು ಜೊಂಡಿನ ಕಡೆಗಿತ್ತು.
ಕೈ ನನ್ನ ತೋಳಿನ ಮೇಲೆ ಇತ್ತೋ,
ಗಾಳಿಗೆ ಆಸರೆ ಹಿಡಿದಿತ್ತೋ, ತಿಳಿಯಲಿಲ್ಲ.

ಟಿಕೆಟ್ಟುಗಳನ್ನು ತೆಗೆದು ಅವಳಿಗೆ ಕೊಟ್ಟೆ.
ಎಣಿಸಿ, ಮಡಚಿ, ಒಳಜೇಬಿಗೆ ಹಾಕಿಕೊಂಡಳು.

ಗಾಡಿ ಕಂಡಾಗ ನಾಲ್ವರೂ ಕೈ ಎತ್ತಿದೆವು,
ಇಂಜೆಕ್ಷನ್ನಿಗೆ ಕರೆದರೆ ಎಂದೂ ಏಳದ ಪೇಷಂಟುಗಳು
ಊಟದ ಗಂಟೆಗೆ ಎದ್ದು ನಿಂತ ಹಾಗೆ.
ಹತ್ತುವ ಮೊದಲು ಮಹಾನಂದಾ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಿ
ಡಬ್ಬಿ ಎಣಿಸಿದಳು.
ಇನ್ನೊಮ್ಮೆ ಎಣಿಸಿದಳು.

"ಎರಡೇ ಅವ," ಅಂತ ಕೂಗಿದಳು. "ಹತ್ರಿ, ಹತ್ರಿ."