ನಾಳಿ ಸೂಟಿ

ಚಿಟಗುಪ್ಪಾದ ಹಳೇ ಸಾಲಿ. ಕಂಪೌಂಡ್ ಒಂದು, ಭಾಷಾ ಮೂರು.
ಬೇವಿನ ಗಿಡಕ್ಕ ತೂಗಬಿಟ್ಟ ರೈಲ್ ಪಟ್ಟಿ ತುಂಡು ಮಾತ್ರ ಒಂದ,
ಅದನ್ನ ಬಾರಿಸಾಕಿ ನಾನು, ಅಡಗಿ ಮಾಡಾಕಿನೂ ನಾನ.
ತಾಟಿನ ಸಪ್ಪಳಕ್ಕ ಮೀಡಿಯಂ ಇಲ್ಲ.
ಒಬ್ಬ ಅವ್ವಾ ಅಂತಾನ, ಒಬ್ಬಾಕಿ ಖಾಲಾ ಅಂತಾಳ,
ಮಾವಶಿ ಅನ್ನೋವ್ರು ವರ್ಸಾ ವರ್ಸಾ ಕಡಿಮಿ ಆಗಿ
ಕಡೀಕ ಮೂರ ಮಂದಿ ಉಳದ್ರು:
ಜಾಧವರ ಮನಿ ಹುಡುಗೂರು ಇಬ್ಬರು,
ಬೋರವೆಲ್ ಗಾಡಿಯವನ ಮಗಳು ಮುಕ್ತಾ.

ಬಿರಾದಾರ ಗುರುಗಳು ರಿಟೈರ್ ಆದ ದಿನ ಶನಿವಾರ.
ಹಾಜರಿ ಪುಸ್ತಕ ಮುಚ್ಚಿ, ಚಾವಿ ನನ್ನ ಕೈಯಾಗ ಇಟ್ಟು
‘ಅಕ್ಕಿ ಚೀಲಕ್ಕ ಜಾಗಾ ಸಿಕ್ತು ನೋಡು ಜಗದೇವಿ’ ಅಂದು ನಕ್ಕರು.
ನಗೂದು ಮುಗದ ಮ್ಯಾಲ
ಅವರ ಮಾರಿ ನಾ ನೋಡಬಾರದಿತ್ತು.

ಜಾಧವರ ಹುಡುಗೂರು ಉದಗೀರಿಗಿ, ಅಜ್ಜಿ ಮನಿಗಿ.
ಮುಕ್ತಾ ಬಾಜು ಖೋಲಿಗಿ, ಕನ್ನಡದ ನಾಕನೇತ್ತಾಕ್ಕ.
ಬಾಯಿ ತೆರದರ ಊಟಕ್ಕ ಮಾತ್ರ.

ಈಗ ಆ ಖೋಲ್ಯಾಗ ಅಕ್ಕಿ, ತೊಗರಿ ಬ್ಯಾಳಿ, ಹಾಲಿನ ಪುಡಿ,
ಇಲಿ ಕಡದ ಒಂದು ಭೂಪಟ.
ಬೋರ್ಡಿನ ಮ್ಯಾಲ ಒಂದು ಸಾಲು ಹಂಗೇ ಉಳದಿತ್ತು.
ಹೆಬ್ಬಟ್ಟಿನಾಕಿ ನಾನು, ನನಗ ಕಂಡದ್ದು ಇಷ್ಟ:
ಹಗ್ಗದ ಮ್ಯಾಲ ಒಣಹಾಕಿದ ಸಣ್ಣ ಸಣ್ಣ ಅರಬಿ.
ಧೂಳ ಹೊಡಿಯಾಗ ಅದನ್ನ ಬಿಟ್ಟು ಸುತ್ತ ಒರಸತಿದ್ದೆ.

ಏನ್ ಬರದದ್ರಿ ಅಂತ ಕೇಳಿದರ
ವೈಜಿನಾಥ ಸರ್ ಚಸ್ಮಾ ಮರ್ತ ಬಂದಿದ್ರು.
ನುಸ್ರತ್ ಟೀಚರ್, ‘ನಮ್ದು ಬಲಕಿನಿಂದ ಬರ್ತದ ಬಾಯಿ,
ಅದು ಎಡಕಿನಿಂದ’ ಅಂದು ಚಹಾ ಕುಡದರು.
ಹೋಗಾಗ ಗುರುಗಳು ದೊಡ್ಡ ಮಾತ ಬರದಿರಬೇಕು,
ಸಂತರದೋ ದೇವರದೋ
ಅಂತ ನಾ ದಿನಾ ಅದಕ್ಕ ಕೈ ಮುಗದು
ಆಮ್ಯಾಲ ಅಕ್ಕಿ ಅಳಿತಿದ್ದೆ.

ಎಂಟು ತಿಂಗಳು.
ಆಷಾಢದ ಒಂದು ಗುರುವಾರ
ಬುಟ್ಟಿ ಹಿಡೀಲಿಕ್ಕ ಮುಕ್ತಾನ್ನ ಒಳಗ ಕರದೆ.
ಹುಡುಗಿ ತಲಿ ಎತ್ತಿ ನೋಡಿತು.
ಬೆರಳ ಇಡಲಿಲ್ಲ, ತಡವರಸಲಿಲ್ಲ,
ನುಂಗಿ ಇಟ್ಟಿದ್ದ ಧ್ವನಿ ಅಷ್ಟೂ ಒಮ್ಮೆ ಹೊರಗ ಬಿಟ್ಟು
‘ಉದ್ಯಾ ಸುಟ್ಟೀ ಆಹೇ!’

ಹೊರಗ ತಾಟು ತೊಳಿಯೋವ್ರ ಕಿವಿಗಿ ಬಿತ್ತು.
ಸುಟ್ಟಿ, ನಳದ ಹಂತ್ಯಾಕ ಸೂಟಿ ಆಯ್ತು,
ಬೇವಿನ ಗಿಡ ದಾಟೂದ್ರಾಗ ಛುಟ್ಟಿ ಆಯ್ತು,
ಗೇಟಿಗಿ ಮುಟ್ಟೂದ್ರಾಗ ಮೂರೂ ಗಲ್ಲಿಗಿ ಹೋತು.
ಸುತ್ತೋಲೆ ಇಲ್ಲ, ಸಹಿ ಇಲ್ಲ.

ಮರದಿನ ನಾ ತೊಂಬತ್ನಾಕು ತತ್ತಿ ಕುದಿಸಿದೆ.
ಬಂದವರು ಹನ್ನೊಂದು.
ಸರ್ ಕೆಂಪ ಕಲ್ಲಿನ ಕಟ್ಟಿ ಮ್ಯಾಲ ನಿಂತು
ಯಾವ ಹಬ್ಬ, ಯಾರ ಜಯಂತಿ, ಯಾರ ಹೇಳಿದವರು ಅಂತ
ಖಾಲಿ ಅಂಗಳಕ್ಕ ಒದರಿದರು.
ಹಾದಿಗುಂಟ ಹೊಂಟಿದ್ದ ಬಳಿಗಾರ ಮೌಲಾಸಾಬ
‘ಬೋರ್ಡಿನ್ಯಾಗ ಬರದದಂತಲ್ರಿ’ ಅಂದು ಸೈಕಲ್ ತುಳದ.

ಎಲ್ಲರಕಿಂತ ಮೊದಲ ಬಂದಾಕಿ ಮುಕ್ತಾ.
ಎರಡು ಜಡಿ, ರಿಬ್ಬನ್ ಒಂದ.
ಆಕಿಗೊಬ್ಬಾಕಿಗೇ ಗೊತ್ತಿತ್ತು
ಅದು ಯಾವ ನಾಳಿ ಅಂತ.

ಒರಸಿ ಬಿಡು ಅದನ್ನ, ಅಂದರು ಸರ್.
ಹಸಿ ಅರಬಿ ಹಿಂಡಿದೆ. ಬೋರ್ಡಿನ ಮುಂದ ನಿಂತೆ.
ಉಳದ ತತ್ತಿ ಲೆಕ್ಕ ಬರಸಬೇಕಲ್ಲ,
ಮೊದಲ ಅದು ಆಗಲಿ ಅಂದು ಅರಬಿ ಕೆಳಗ ಇಟ್ಟೆ.
ಮುಕ್ತಾ ಕುಕ್ಕರಗಾಲಿಲೆ ಕುಂತು ಎಣಸಿದಳು,
ಏಕ್, ದೋನ್, ತೀನ್,
ಇಷ್ಟು ನನಗೂ ತಿಳೀತದ, ಸಂತ್ಯಾಗ ಕೇಳೀನಿ.
ಎಂಬತ್ಮೂರಕ್ಕ ಬಂದಾಗ ಏನೋ ಅಂದಳು,
ನಾಲಿಗಿ ಮಡಚಿ ಬಿಚ್ಚೋ ಅಂಥಾ ಶಬ್ದ.
ಇನ್ನೊಮ್ಮೆ ಹೇಳು, ಅಂದೆ.